ಜೂಮ್ ಲೆನ್ಸ್ ಎಲ್ಲಿ ಸವೆಯುತ್ತದೆ?

ಕ್ಯಾಮೆರಾದ ಶಟರ್ ಎಷ್ಟು ಲಕ್ಷ ಸಲ ತೆರೆದು ಮುಚ್ಚೀತು ಎಂಬ ಅಂದಾಜನ್ನು ಕಂಪನಿಗಳೇ ಕೊಡುತ್ತವೆ. ಕ್ಯಾನನ್ ಆರ್5, ಸೋನಿ ಎ1 ಕ್ಯಾಮೆರಾಗಳಿಗೆ ಹೇಳಿರುವ ಲೆಕ್ಕ 5 ಲಕ್ಷ. ಅದೇ ಕ್ಯಾಮೆರಾದ ಮುಂದೆ ಸಿಕ್ಕಿಸುವ, ಎರಡು ಲಕ್ಷ ರೂಪಾಯಿ ದಾಟುವ ಜೂಮ್ ಲೆನ್ಸ್ ಎಷ್ಟು ಸಲ ಹಿಂದೆ ಮುಂದೆ ಆಡೀತು ಎಂಬುದಕ್ಕೆ ಅಂಥ ಲೆಕ್ಕ ಸಿಗುವುದಿಲ್ಲ. ವರಪೂಜೆಯಿಂದ ಆರತಕ್ಷತೆಯವರೆಗೆ 24-70ರ ರಿಂಗನ್ನು ತಿರುಗಿಸುತ್ತಲೇ ಇರುವ ಮದುವೆ ಫೋಟೋಗ್ರಾಫರಿಗೂ, ಬಂಡೀಪುರದ ಸಫಾರಿ ಜೀಪಿನಲ್ಲಿ ದೂಳು ಕುಡಿಯುತ್ತ ಕೂರುವ ವನ್ಯಜೀವಿ ಛಾಯಾಗ್ರಾಹಕರಿಗೂ ತಮ್ಮ ಲೆನ್ಸ್ ಎಷ್ಟು ಸವೆದಿದೆ ಎಂದು ತೋರಿಸುವ ಮೀಟರ್ ಇಲ್ಲ. ಒಳಗೆ ಏನೇನಿದೆ, ಯಾವುದು ಮೊದಲು ಸೋಲುತ್ತದೆ ಎಂದು ತಿಳಿದಿದ್ದರೆ ಕೊಳ್ಳುವಾಗಲೂ ಬಳಸುವಾಗಲೂ ಸ್ವಲ್ಪ ಎಚ್ಚರದಿಂದ ಇರಬಹುದು.

ಅಂಗಡಿಯಲ್ಲಿ ಲೆನ್ಸ್ ಎತ್ತಿಕೊಂಡವರು ಮೊದಲು ತೂಗಿ ನೋಡುತ್ತಾರೆ. ಭಾರವಿದ್ದರೆ ಗಟ್ಟಿ ಎಂಬುದು ಹಳೆಯ ನಂಬಿಕೆ. ಸೋನಿ 2016ರಲ್ಲಿ ತಂದ 24-70 ಎಫ್/2.8 ಜಿಎಂ ಲೆನ್ಸಿನ ತೂಕ 886 ಗ್ರಾಂ. 2022ರ ಎರಡನೇ ಆವೃತ್ತಿ 695 ಗ್ರಾಂ. 70-200 ಎಫ್/2.8 ಕೂಡ 1,480 ಗ್ರಾಂನಿಂದ 1,045ಕ್ಕೆ ಇಳಿಯಿತು. ಇಳಿದದ್ದು ತೂಕ, ಅಷ್ಟೇ ಪಾಲು ಬಾಳಿಕೆಯೂ ಇಳಿಯಿತು ಎಂದು ಅದರಿಂದ ತೀರ್ಮಾನಿಸುವ ಹಾಗಿಲ್ಲ. ಒಳ್ಳೆಯ ದರ್ಜೆಯ ಪ್ಲಾಸ್ಟಿಕ್ ಹೊರಕವಚ ಸಣ್ಣ ಪೆಟ್ಟನ್ನು ತಾನೇ ನುಂಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಲೋಹದ ಕವಚ ಅದೇ ಪೆಟ್ಟಿಗೆ ನೆಗ್ಗಬಹುದು, ನೆಗ್ಗಿದ ಕಡೆ ರಿಂಗ್ ಸಿಕ್ಕಿಹಾಕಿಕೊಳ್ಳಬಹುದು. ನಮ್ಮ ಮದುವೆ ಫೋಟೋಗ್ರಾಫರುಗಳಲ್ಲಿ ಎಷ್ಟೋ ಮಂದಿ ಹೊಟ್ಟೆಪಾಡು ಸಾಗಿಸಿರುವುದು ಅರ್ಧ ಕಿಲೋಕ್ಕೆ ತುಸು ಹೆಚ್ಚು ತೂಗುವ ಟ್ಯಾಮ್ರಾನ್ 28-75ರಲ್ಲಿ. ಹಾಗಾಗಿ ‘ಪ್ರೊಫೆಷನಲ್’ ಎಂಬ ಮಾತಿಗೆ ನಾವು ಕೊಡುವ ಹೆಚ್ಚುವರಿ ದುಡ್ಡು ಲೋಹಕ್ಕಲ್ಲ. ಗಾಜಿನ ಗುಣಮಟ್ಟಕ್ಕೆ, ದೂಳು ನೀರು ತಡೆಯುವ ರಬ್ಬರ್ ಸೀಲುಗಳಿಗೆ, ಕೆಟ್ಟಾಗ ಬಿಚ್ಚಿ ರಿಪೇರಿ ಮಾಡಿಕೊಡುವ ವ್ಯವಸ್ಥೆಗೆ. ಈ ಕೊನೆಯದನ್ನು ಕೊಳ್ಳುವ ದಿನ ಯಾರೂ ವಿಚಾರಿಸುವುದಿಲ್ಲ.

ರಿಬ್ಬನ್ ಮತ್ತು ಮೋಟರ್

ಹಳೆಯ ಡಿಎಸ್‌ಎಲ್‌ಆರ್ ಕಾಲದ ಒಳ್ಳೆಯ ಲೆನ್ಸುಗಳಲ್ಲಿ ಫೋಕಸ್ ರಿಂಗ್ ಗಾಜಿನ ಗುಂಪಿಗೆ ಯಾಂತ್ರಿಕವಾಗಿ ಜೋಡಣೆಯಾಗಿರುತ್ತಿತ್ತು. ಆಟೊಫೋಕಸ್ ಸತ್ತರೂ ಕೈಯಿಂದ ತಿರುಗಿಸಿ ತಾಳಿ ಕಟ್ಟುವ ಕ್ಷಣವನ್ನು ಹೇಗೋ ಹಿಡಿಯಬಹುದಿತ್ತು. ಮಿರರ್‌ಲೆಸ್ ಲೆನ್ಸುಗಳಲ್ಲಿ ಬಹುಪಾಲು ಆ ಕೊಂಡಿಯೇ ಇಲ್ಲ. ರಿಂಗ್ ತಿರುಗಿಸಿದರೆ ಒಳಗಿನ ಸರ್ಕಿಟ್ಟಿಗೆ ಒಂದು ಸೂಚನೆ ಹೋಗುತ್ತದೆ, ಮೋಟರ್ ಗಾಜನ್ನು ಸರಿಸುತ್ತದೆ. ಸೋನಿಯ 24-70 ಜಿಎಂ ಎರಡನೇ ಆವೃತ್ತಿಯಲ್ಲಿ ಇಂಥ ಲೀನಿಯರ್ ಮೋಟರುಗಳು ನಾಲ್ಕು. ವೇಗ ಅದ್ಭುತ, ಸದ್ದಿಲ್ಲ, ಉಜ್ಜಿಕೊಳ್ಳುವ ಗೇರುಗಳಿಲ್ಲದ್ದರಿಂದ ಸವೆತವೂ ಕಡಿಮೆ. ಆದರೆ ವಿದ್ಯುತ್ ಸಂಪರ್ಕ ಎಲ್ಲೋ ಒಂದು ಕಡೆ ಕಡಿದರೆ ಆಟೊ, ಮ್ಯಾನುಯಲ್ ಎರಡೂ ಒಟ್ಟಿಗೆ ಹೋಗುತ್ತವೆ.

ಆ ಸಂಪರ್ಕ ಕಡಿಯುವುದು ಹೆಚ್ಚಾಗಿ ಫ್ಲೆಕ್ಸ್ ಕೇಬಲ್‌ನಲ್ಲಿ. ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಾಮ್ರದ ಗೆರೆಗಳನ್ನು ಮೂಡಿಸಿದ ರಿಬ್ಬನ್ ಇದು. ಅಪರ್ಚರ್, ಫೋಕಸ್ ಮೋಟರ್, ಸ್ಟೆಬಿಲೈಸರ್ ಎಲ್ಲಕ್ಕೂ ಅಪ್ಪಣೆ ಹೊತ್ತು ಓಡಾಡುವುದು ಇದೇ. ಜೂಮ್ ಮಾಡಿದಾಗಲೆಲ್ಲ ಒಳಗಿನ ಗುಂಪುಗಳು ಸರಿಯುತ್ತವೆ, ಅವುಗಳ ಜೊತೆ ಈ ರಿಬ್ಬನ್ನೂ ಬಾಗಿ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಮಡಚಿದ ತಾಮ್ರ ಒಂದು ದಿನ ಬಿರುಕು ಬಿಡುತ್ತದೆ. ರೋಗಲಕ್ಷಣ ಸ್ಪಷ್ಟವಾಗಿಯೇ ಇರುತ್ತದೆ: 24ರಲ್ಲಿ ಎಲ್ಲ ಸರಿ, 50 ದಾಟಿದೊಡನೆ ಎರರ್, ಅಥವಾ ಎಫ್/2.8ರಲ್ಲಿ ಚಿತ್ರ ಬರುತ್ತದೆ, ಎಫ್/8ಕ್ಕೆ ಇಳಿಸಿದರೆ ಕ್ಯಾಮೆರಾ ಕಂಗಾಲು. ಒಂದು ನಿರ್ದಿಷ್ಟ ಫೋಕಲ್ ಲೆಂಥ್‌ನಲ್ಲಿ ಮಾತ್ರ ತಕರಾರು ಕಾಣಿಸಿಕೊಂಡು, ರಿಂಗ್ ತುಸು ಸರಿಸಿದರೆ ಮಾಯವಾದರೆ ಮೌಂಟಿನ ಸಂಪರ್ಕ ಬಿಂದುಗಳನ್ನು ಒಮ್ಮೆ ಒಣಬಟ್ಟೆಯಲ್ಲಿ ಒರೆಸಿ ನೋಡಿ. ಆಗಲೂ ಹೋಗದಿದ್ದರೆ ರಿಬ್ಬನ್ನನ್ನೇ ಅನುಮಾನಿಸಿ. ‘ಬಡಿದರೆ ಸರಿಹೋಗುತ್ತೆ’ ಎಂದು ಇನ್ನೆರಡು ಮದುವೆ ತಳ್ಳುವವರಿದ್ದಾರೆ. ಆ ಲೆನ್ಸ್ ಕೈಕೊಡುವುದು ಮಾಂಗಲ್ಯಧಾರಣೆಯ ಹೊತ್ತಿಗೇ.

ಇದರ ಜೊತೆಗೆ ಇನ್ನೊಂದು ಅನಗತ್ಯ ಗಾಬರಿಯನ್ನೂ ಕಳೆದುಬಿಡೋಣ. ಕ್ಯಾಮೆರಾ ಆಫ್ ಇದ್ದಾಗ ಲೆನ್ಸ್ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು ಬರುವುದು ಹೊಸ ಲೆನ್ಸುಗಳಲ್ಲಿ ಸಾಮಾನ್ಯ. ಲೀನಿಯರ್ ಮೋಟರಿನ ಗಾಜಿನ ಗುಂಪು ವಿದ್ಯುತ್ ಇದ್ದಾಗ ಮಾತ್ರ ಅಯಸ್ಕಾಂತದ ಹಿಡಿತದಲ್ಲಿರುತ್ತದೆ, ಇಲ್ಲದಾಗ ಸಡಿಲವಾಗಿ ಜಾರಾಡುತ್ತದೆ. ಕ್ಯಾಮೆರಾ ಆನ್ ಮಾಡಿದ ಮೇಲೂ ಸದ್ದು ನಿಲ್ಲದಿದ್ದರೆ ಮಾತ್ರ ಚಿಂತಿಸಿ.

ಮೂತಿ ಚಾಚುವುದೋ, ಚಾಚದಿರುವುದೋ

ಜೂಮ್ ಮಾಡಿದಾಗ ಲೆನ್ಸಿನ ಮುಂಭಾಗ ಹೊರಗೆ ಚಾಚುತ್ತದೆಯೇ, ಇಲ್ಲವೇ? ಬಾಳಿಕೆಯ ದೃಷ್ಟಿಯಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು ಎಂದು ನನಗನ್ನಿಸುತ್ತದೆ. ಚಾಚುವ ಲೆನ್ಸಿನ ಒಳಗೆ ಒಂದರೊಳಗೊಂದು ಜಾರುವ ಕೊಳವೆಗಳಿರುತ್ತವೆ. ಓರೆಯಾಗಿ ಕೊರೆದ ಸೀಳುಗಳಲ್ಲಿ ಸಣ್ಣ ರೋಲರುಗಳು ಓಡುತ್ತವೆ, ಅವುಗಳ ಸುತ್ತ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಬಳೆಗಳು. ಈ ಬಳೆ ಸವೆದರೆ ಮುಂಭಾಗ ತೊನೆಯತೊಡಗುತ್ತದೆ. ಚಾಚಿದ ಸ್ಥಿತಿಯಲ್ಲಿ ಕೂದಲೆಳೆಯಷ್ಟು ಆಟ ಹೊಸ ಲೆನ್ಸಿನಲ್ಲೂ ಇರಬಹುದು. ದಿನದಿನಕ್ಕೆ ಅದು ಹೆಚ್ಚುತ್ತಿದ್ದರೆ ಚಿತ್ರದ ಒಂದು ಪಕ್ಕ ಮಸುಕಾಗುವ ದಿನ ದೂರವಿಲ್ಲ. ಜೊತೆಗೆ, ಚಾಚುವ ಲೆನ್ಸ್ ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದುಕೊಂಡು ಬಿಡುತ್ತದೆ. ಎಷ್ಟೇ ಸೀಲ್ ಮಾಡಿದರೂ ಗಾಳಿಗೆ ದಾರಿ ಇರಲೇಬೇಕು, ಇಲ್ಲದಿದ್ದರೆ ರಿಂಗ್ ತಿರುಗುವುದೇ ಇಲ್ಲ. ಗಾಳಿಯ ಜೊತೆ ತೇವ ಬರುತ್ತದೆ, ನಯವಾದ ದೂಳೂ ಬರುತ್ತದೆ.

ಕ್ಯಾನನ್ನಿನ 70-200 ಎಫ್/2.8 ಡಿಎಸ್‌ಎಲ್‌ಆರ್ ಕಾಲದುದ್ದಕ್ಕೂ ಚಾಚದ ಲೆನ್ಸಾಗಿತ್ತು. 2019ರಲ್ಲಿ ಆರ್‌ಎಫ್ ಮೌಂಟಿಗೆ ಬಂದಾಗ ಅದನ್ನು ಚಾಚುವಂತೆ ಮಾಡಿ 146 ಮಿಲಿಮೀಟರಿಗೆ ಕುಗ್ಗಿಸಿದರು. ಪ್ರಯಾಣ ಮಾಡುವವರು ಕೊಂಡಾಡಿದರು, ಹಳಬರು ಮೂಗು ಮುರಿದರು. 2024ರಲ್ಲಿ ಅದೇ ಕಂಪನಿ ಚಾಚದ ಇನ್ನೊಂದು 70-200 ತಂದಿತು: 199 ಮಿಲಿಮೀಟರ್ ಉದ್ದ, ಕಾಲರ್ ಬಿಟ್ಟು 1,115 ಗ್ರಾಂ. ಸೋನಿ, ನಿಕಾನ್‌ಗಳ 70-200 ಎಫ್/2.8 ಮೊದಲಿನಿಂದಲೂ ಚಾಚುವುದಿಲ್ಲ. 24-70ರ ವಿಷಯದಲ್ಲಿ ಆಯ್ಕೆಯೇ ಇರಲಿಲ್ಲ, ಎಲ್ಲವೂ ಚಾಚುತ್ತಿದ್ದವು. 2025ರಲ್ಲಿ ನಿಕಾನ್ ತಂದ ಝಡ್ 24-70 ಎಫ್/2.8ರ ಎರಡನೇ ಆವೃತ್ತಿ ಒಳಗೇ ಜೂಮ್ ಆಗುತ್ತದೆ, ತೂಕವೂ 805ರಿಂದ 675 ಗ್ರಾಂಗೆ ಇಳಿದಿದೆ. ಹಕ್ಕಿ, ಹುಲಿ ಹುಡುಕುವವರಿಗೆ ಸೋನಿ 200-600, ನಿಕಾನ್ 180-600 ಚಾಚದವು. ಕ್ಯಾನನ್ 100-500 ಚಾಚುವಂಥದು.

ಹಾಗೆಂದು ಚಾಚುವ ಲೆನ್ಸ್ ಕೊಳ್ಳಬೇಡಿ ಎಂದಲ್ಲ. ಬಳಸುವ ರೀತಿ ಬದಲಿಸಿ. ಬ್ಯಾಗಿಗೆ ಹಾಕುವ ಮುನ್ನ ಪೂರ್ತಿ ಒಳಗೆಳೆದು ಲಾಕ್ ಹಾಕಿ. ಮುಂಭಾಗವನ್ನು ಹಿಡಿದು ಕ್ಯಾಮೆರಾ ಎತ್ತಬೇಡಿ. ಮಳೆಯಲ್ಲಿ ಹೊರಚಾಚಿದ ಕೊಳವೆ ಒದ್ದೆಯಾಗಿದ್ದರೆ ಒರೆಸದೆ ಒಳಗೆಳೆಯಬೇಡಿ. ಆ ನೀರನ್ನು ನೀವೇ ಕೈಯಾರೆ ಒಳಗೆ ಕಳಿಸಿದಂತೆ. ಸಫಾರಿಯ ದೂಳಿನಲ್ಲೂ ಇದೇ ಮಾತು, ಮೊದಲು ಬ್ಲೋವರ್, ಆಮೇಲೆ ಜೂಮ್. ದೂಳಿನ ಕೆಲವು ಕಣ ಒಳಗೆ ಕಂಡರೆ ತಲೆ ಕೆಡಿಸಿಕೊಳ್ಳುವುದು ಬೇಡ. ಮುಂದಿನ ಗಾಜಿನ ಹಿಂದೆ ಕೂತ ಕಣ ಚಿತ್ರದಲ್ಲಿ ಕಾಣುವುದಿಲ್ಲ. ಕಾಣುವುದು ಸೆನ್ಸರಿನ ಮೇಲೆ ಬಿದ್ದದ್ದು.

ಮಳೆ ತಡೆಯುವುದೆಂದರೆ ಎಷ್ಟು?

‘ವೆದರ್ ಸೀಲ್ಡ್’ ಎಂಬ ಮಾತಿಗೆ ಅಳತೆಗೋಲು ಇಲ್ಲ. ಅಳತೆ ಇರುವುದು ಐಪಿ ಸಂಖ್ಯೆಗೆ. ಒಎಂ ಸಿಸ್ಟಮ್‌ನ ಒಎಂ-1 ಕ್ಯಾಮೆರಾ, ಅದರ 12-40 ಪ್ರೊ ಎರಡನೇ ಆವೃತ್ತಿಯ ಲೆನ್ಸಿಗೆ 2022ರಲ್ಲಿ ಐಪಿ53 ಎಂದು ಘೋಷಿಸಿದರು. ಮೊದಲ 5 ದೂಳಿಗೆ, ಎರಡನೆಯ 3 ನೀರಿಗೆ: ನೆತ್ತಿಯಿಂದ 60 ಡಿಗ್ರಿ ಓರೆಯವರೆಗೆ ಸಿಂಪಡಿಸಿದ ನೀರನ್ನು ತಾಳುತ್ತದೆ ಎಂದರ್ಥ. ದೊಡ್ಡ ಕಂಪನಿಗಳ ಬಹುಪಾಲು ಜೂಮ್ ಲೆನ್ಸುಗಳಿಗೆ ಈ ಸಂಖ್ಯೆಯೂ ಇಲ್ಲ. ದೂಳು ತೇವಗಳನ್ನು ಗಮನದಲ್ಲಿಟ್ಟು ತಯಾರಿಸಿದ್ದೇವೆ, ಪೂರ್ತಿ ಭರವಸೆ ಇಲ್ಲ ಎಂಬ ಸಣ್ಣಕ್ಷರದ ಸಾಲು ಮಾತ್ರ. ಆಗುಂಬೆಯಲ್ಲಿ ಗಾಳಿಗೆ ಅಡ್ಡಡ್ಡ ಹೊಡೆಯುವ ಮಳೆ ಈ 60 ಡಿಗ್ರಿಯ ಲೆಕ್ಕಕ್ಕೆ ಸಿಗುವಂಥದಲ್ಲ. ನೀರು ಹೊಕ್ಕು ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಸೀಲ್ಡ್ ಎಂದು ಬರೆದಿದ್ದರೂ. ಒಂದು ಪ್ಲಾಸ್ಟಿಕ್ ಮಳೆಗವಚ ಬ್ಯಾಗಿನ ಮೂಲೆಯಲ್ಲಿ ಸದಾ ಇರಲಿ.

ಮೌಂಟಿನ ಸುತ್ತ ಕಾಣುವ ತೆಳು ರಬ್ಬರ್ ಉಂಗುರವನ್ನು ಆಗಾಗ ನೋಡುತ್ತಿರಿ. ಕ್ಯಾಮೆರಾ ಮತ್ತು ಲೆನ್ಸ್ ಸೇರುವ ಜಾಗದ ಕಾವಲು ಅದು. ಲೆನ್ಸ್ ಬದಲಿಸಿ ಬದಲಿಸಿ ಸವೆಯುತ್ತದೆ, ಹರಿದರೆ ಬದಲಿಸಬಹುದು. ರಸ್ತೆ ಬದಿಯ ಅಂಗಡಿಯಲ್ಲಿ ಬಿಚ್ಚಿಸಿದ ಲೆನ್ಸಿನಲ್ಲಿ ಒಳಗಿನ ಸೀಲುಗಳು ಮತ್ತೆ ಸ್ವಸ್ಥಾನಕ್ಕೆ ಬಂದಿವೆ ಎಂಬ ಖಾತ್ರಿ ಇಲ್ಲ, ಅಂಥ ಲೆನ್ಸನ್ನು ಮಳೆಗೆ ಒಡ್ಡಬೇಡಿ.

ಯುವಿ ಫಿಲ್ಟರ್ ಬೇಕೇ ಬೇಡವೇ ಎಂಬ ಜಗಳ ಹೊರದೇಶಗಳಲ್ಲಿ ಹೇಗಾದರೂ ಇರಲಿ, ನಮ್ಮ ಮದುವೆಗಳಲ್ಲಿ ಬೇಕೇ ಬೇಕು. ಅರಿಶಿನ ಶಾಸ್ತ್ರದ ಎಣ್ಣೆ ಬೆರೆತ ಅರಿಶಿನ, ಹೋಮದ ಬೂದಿ, ಮುಖದತ್ತ ಬರುವ ಅಕ್ಷತೆ, ಈಗ ಹೊಸದಾಗಿ ವೇದಿಕೆ ಪಕ್ಕ ಚಿಮ್ಮಿಸುವ ಕಿಡಿಗಳು. ಇವೆಲ್ಲ ಫಿಲ್ಟರಿನ ಮೇಲೆ ಬಿದ್ದರೆ ಒಂದೆರಡು ಸಾವಿರದಲ್ಲಿ ಮುಗಿಯುತ್ತದೆ. ಕ್ಯಾನನ್ನಿನ ಕೆಲವು ಎಲ್ ಲೆನ್ಸುಗಳಿಗಂತೂ ಫಿಲ್ಟರ್ ಹಾಕಿದರೇನೇ ಸೀಲಿಂಗ್ ಪೂರ್ತಿಯಾಗುವುದು. ತೀರಾ ಅಗ್ಗದ ಫಿಲ್ಟರ್ ಹಾಕಿ ದೀಪದ ಪ್ರತಿಬಿಂಬಗಳನ್ನು ಚಿತ್ರಕ್ಕೆ ಸೇರಿಸಿಕೊಳ್ಳಬೇಡಿ. ಕೆಳಗೆ ಬಿದ್ದಾಗ ಕಾಪಾಡುವುದು ಮಾತ್ರ ಫಿಲ್ಟರ್ ಅಲ್ಲ, ಹುಡ್. ಅದು ಮುರಿದುಹೋಗಲೆಂದೇ ಇರುವ ಪ್ಲಾಸ್ಟಿಕ್. ಹಗಲೂ ರಾತ್ರಿ ಹಾಕಿಯೇ ಇರಲಿ.

ಫಂಗಸ್ ಎಂಬ ಮಲೆನಾಡಿನ ಬಾಡಿಗೆದಾರ

ಪಾಶ್ಚಾತ್ಯ ವಿಮರ್ಶಕರು ಬಾಳಿಕೆ ಎಂದರೆ ಹಿಮ, ಮರಳು ಎಂದು ಬರೆಯುತ್ತಾರೆ. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಲೆನ್ಸುಗಳನ್ನು ಮುಗಿಸುವುದು ಬಹುಮಟ್ಟಿಗೆ ಫಂಗಸ್. ಅದರ ಬೀಜಕಣ ಎಲ್ಲ ಕಡೆಯೂ ಇದೆ, ಹೊಸ ಲೆನ್ಸಿನ ಒಳಗೂ ಇದ್ದೀತು. ಅದು ಮೊಳೆಯಲು ಬೇಕಾದದ್ದು ತೇವ, ಕತ್ತಲೆ, ಅಲ್ಲಾಡದ ಗಾಳಿ. ನಾವು ಜೋಪಾನ ಎಂದುಕೊಂಡು ಬ್ಯಾಗಿನೊಳಗೆ ಸೇರಿಸಿ, ಬೀರುವಿನಲ್ಲಿಟ್ಟು, ಬೀಗ ಹಾಕಿದಾಗ ಮೂರನ್ನೂ ಒದಗಿಸಿದಂತಾಯಿತು. ಸಾಪೇಕ್ಷ ಆರ್ದ್ರತೆ ಶೇ 70 ದಾಟಿ ವಾರಗಟ್ಟಲೆ ನಿಂತರೆ ಅಪಾಯ ಶುರು. ಮಳೆಗಾಲದ ಸಾಗರ, ಮೂಡಿಗೆರೆ, ಮಡಿಕೇರಿಗಳಲ್ಲಿ ತಿಂಗಳುಗಟ್ಟಲೆ ಹವೆ ಇದಕ್ಕಿಂತ ಮೇಲೆಯೇ.

ಶೇ 40ರಿಂದ 50ರ ನಡುವೆ ಇಟ್ಟರೆ ಸಾಕು. ವೃತ್ತಿಯಲ್ಲಿರುವವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದೇ ಸರಿ. ಒಂದು ಲೆನ್ಸಿನ ಫಂಗಸ್ ಸರ್ವಿಸಿಗೆ ಆಗುವ ಖರ್ಚಿನ ಜೊತೆ ಹೋಲಿಸಿ ನೋಡಿ. ಅಷ್ಟು ಬೇಡವೆಂದರೆ ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಂದು ಹೈಗ್ರೋಮೀಟರ್, ಸಿಲಿಕಾ ಜೆಲ್. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿದು ಒಣಗಿಸುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ಒಣಗಿಸಲು ಪ್ರತ್ಯೇಕ ಪಾತ್ರೆ ಇಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯವೂ ಬೇಡ, ಅಕ್ಕಿಯ ಹಿಟ್ಟುದೂಳು ರಿಂಗಿನ ಸಂದಿಗೆ ಇಳಿಯುತ್ತದೆ. ಲೆನ್ಸ್ ಜೊತೆ ಕೊಟ್ಟ ಚರ್ಮದ ಅಥವಾ ಬಟ್ಟೆಯ ಚೀಲಗಳು ತೇವ ಹೀರಿ ಇಟ್ಟುಕೊಳ್ಳುತ್ತವೆ. ಡಬ್ಬದೊಳಗೆ ಅವು ಬೇಡ.

ತಿಂಗಳಿಗೊಮ್ಮೆ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಜೇಡನ ಬಲೆಯಂಥ ಬಿಳಿ ಎಳೆ ಕಂಡರೆ ಕಾಯಬೇಡಿ. ಮೇಲ್ಮೈಯಲ್ಲಿದ್ದಾಗ ಶುಚಿ ಮಾಡಬಹುದು, ತಡವಾದರೆ ಅದು ಬಿಡುವ ಆಮ್ಲ ಕೋಟಿಂಗನ್ನು ತಿಂದುಹಾಕುತ್ತದೆ, ಫಂಗಸ್ ಹೋದರೂ ಗುರುತು ಉಳಿಯುತ್ತದೆ.

ಮಂಗಳೂರಿನಂಥ ಊರಿನಲ್ಲಿ ಇನ್ನೊಂದು ಕಾಟ: ಎಸಿ ಹಾಲ್‌ನಿಂದ ಹೊರಗೆ ಬಂದೊಡನೆ ಗಾಜೆಲ್ಲ ಮಂಜು. ಒರೆಸಿ ಒರೆಸಿ ಚಿತ್ರ ತೆಗೆಯುವವರು ಜೂಮನ್ನೂ ಆಡಿಸುತ್ತಾರೆ, ಹಸಿ ಗಾಳಿ ತಂಪಾದ ಒಳಗಾಜಿಗೆ ಹೋಗಿ ಕೂರುತ್ತದೆ. ಹೊರಬರುವ ಮೊದಲೇ ಕ್ಯಾಮೆರಾವನ್ನು ಬ್ಯಾಗಿನೊಳಗಿಟ್ಟು ಜಿಪ್ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಪುರುಸೊತ್ತಿಲ್ಲದಿದ್ದರೆ ಹೊರಗಿನ ಚಿತ್ರಗಳಿಗೆ ಎಸಿಯೊಳಗೆ ತರದ ಇನ್ನೊಂದು ಕ್ಯಾಮೆರಾ ಇಟ್ಟುಕೊಳ್ಳುವುದೇ ದಾರಿ. ಕಡಲ ಬದಿಯಲ್ಲಿ ಕೆಲಸ ಮಾಡಿದ ದಿನ, ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊರಕವಚ ಒರೆಸಿ ಒಣಗಿಸಿ. ಉಪ್ಪು ಸ್ಕ್ರೂಗಳನ್ನು ತಿನ್ನುತ್ತದೆ.

ಬಯಲುಸೀಮೆಯವರಿಗೆ ಈ ತೊಂದರೆ ಕಡಿಮೆ, ಅವರಿಗೆ ಬಿಸಿಲು. ಕ್ಯಾಮೆರಾ ಕೈಪಿಡಿಗಳಲ್ಲಿ ಬಳಕೆಯ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 40 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆ ಅದನ್ನು ದಾಟುತ್ತದೆ, ನಿಲ್ಲಿಸಿದ ಕಾರಿನ ಒಳಗಂತೂ ಇನ್ನೂ ಹೆಚ್ಚು. ಗ್ರೀಸ್ ತೆಳುವಾಗಿ ಹರಿದು ಅಪರ್ಚರ್ ಎಲೆಗಳಿಗೆ ಅಂಟಬಹುದು. ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.

ಬೈಕು, ಬೀಳು, ಪರೀಕ್ಷೆ

ಮೋಟರ್‌ಸೈಕಲ್ ಎಂಜಿನ್ನಿನ ಕಂಪನ ಫೋನಿನ ಕ್ಯಾಮೆರಾದ ಸ್ಟೆಬಿಲೈಸರನ್ನು ಹಾಳುಮಾಡಬಹುದು ಎಂದು ಆಪಲ್ 2021ರಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು. ಲೆನ್ಸಿನ ಸ್ಟೆಬಿಲೈಸರಿನಲ್ಲೂ ತೇಲುವ ಗಾಜು, ಅಯಸ್ಕಾಂತ ಇವೇ. ಬ್ಯಾಗನ್ನು ಬೈಕಿನ ಟ್ಯಾಂಕ್ ಮೇಲೆ ಇಡಬೇಡಿ, ಕ್ಯಾರಿಯರಿಗೆ ಬಿಗಿಯಬೇಡಿ. ಬೆನ್ನಿಗೆ ಹಾಕಿಕೊಂಡರೆ ನಿಮ್ಮ ದೇಹವೇ ಅರ್ಧ ಕುಲುಕಾಟ ತಡೆಯುತ್ತದೆ. ಕ್ಯಾಮೆರಾ ಆಫ್ ಮಾಡಿ ಒಂದೆರಡು ಕ್ಷಣ ಬಿಟ್ಟು ಲೆನ್ಸ್ ಕಳಚಿ, ಸ್ಟೆಬಿಲೈಸರ್ ತನ್ನ ಜಾಗಕ್ಕೆ ಮರಳಲಿ. ಭಾರದ ಟೆಲಿಜೂಮನ್ನು ಅದರ ಕಾಲರ್ ಹಿಡಿದು ಎತ್ತಿ. ಕ್ಯಾಮೆರಾ ಹಿಡಿದು ಎತ್ತಿದರೆ ಭಾರವೆಲ್ಲ ಮೌಂಟಿನ ನಾಲ್ಕೈದು ಸ್ಕ್ರೂಗಳ ಮೇಲೆ.

ಲೆನ್ಸ್ ಕೊಂಡ ವಾರವೇ ಒಂದು ಕೆಲಸ ಮಾಡಿಡಿ. ಟ್ರೈಪಾಡ್ ಮೇಲಿಟ್ಟು, ದೂರದ ಅಪಾರ್ಟ್‌ಮೆಂಟ್ ಅಥವಾ ಇಟ್ಟಿಗೆಯ ದೊಡ್ಡ ಗೋಡೆಯನ್ನು ನೇರವಾಗಿ ಎದುರಿಟ್ಟುಕೊಂಡು, ಪೂರ್ತಿ ತೆರೆದ ಅಪರ್ಚರಿನಲ್ಲಿ ಎರಡು ತುದಿ ಮತ್ತು ನಡುವಿನ ಫೋಕಲ್ ಲೆಂಥ್‌ಗಳಲ್ಲಿ ಚಿತ್ರ ತೆಗೆದು ಉಳಿಸಿಕೊಳ್ಳಿ. ಮುಂದೆ ಲೆನ್ಸ್ ಬಿದ್ದಾಗ, ಅಥವಾ ಏಕೋ ಮಸುಕು ಎನಿಸಿದಾಗ ಅದೇ ಗೋಡೆ, ಅದೇ ಕ್ರಮ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮೆತ್ತಗಾಗಿದ್ದರೆ ಗಾಜಿನ ಗುಂಪು ಓರೆಯಾಗಿದೆ, ಡಿಸೆಂಟರ್ ಆಗಿದೆ. ಹೊರಗೆ ಗೀರೂ ಇಲ್ಲದ ಲೆನ್ಸಿನಲ್ಲೂ ಇದು ಆಗುತ್ತದೆ, ಇದನ್ನು ಸರಿಪಡಿಸಲು ಅಳತೆಯ ಉಪಕರಣ ಇರುವ ಸರ್ವಿಸ್ ಸೆಂಟರೇ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಈ ಗೋಡೆ ಪರೀಕ್ಷೆಯೇ ಮುಖ್ಯ. ಜೊತೆಗೆ ರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಮರಳಿನ ಕರಕರ ಕೇಳಬಾರದು. ಮೌಂಟಿನ ಸ್ಕ್ರೂ ತಲೆಗಳಲ್ಲಿ ಗೀರಿದ್ದರೆ ಯಾರೋ ಬಿಚ್ಚಿದ್ದಾರೆ. ಒಂದೇ ಬೆಳಕಿನಲ್ಲಿ ಎಫ್/2.8ರಿಂದ ಎಫ್/16ರವರೆಗೆ, ಶಟರ್ ವೇಗವನ್ನು ಅಷ್ಟಕ್ಕಷ್ಟು ಹೊಂದಿಸುತ್ತ ಸಾಲಾಗಿ ತೆಗೆಯಿರಿ. ಎಲ್ಲೋ ಒಂದು ಚಿತ್ರ ತಟ್ಟನೆ ಬೆಳ್ಳಗಾದರೆ ಅಪರ್ಚರ್ ಸರಿಯಾಗಿ ಮುಚ್ಚುತ್ತಿಲ್ಲ. ಬಿಲ್, ಸೀರಿಯಲ್ ನಂಬರ್ ಎರಡೂ ತಾಳೆಯಾಗಬೇಕು. ಗ್ರೇ ಮಾರ್ಕೆಟ್ ಮಾಲಿನಲ್ಲಿ ಹತ್ತಿಪ್ಪತ್ತು ಸಾವಿರ ಉಳಿದೀತು, ಇಲ್ಲಿಯ ವಾರಂಟಿ ಸಿಗುವುದಿಲ್ಲ. ವೃತ್ತಿಯಲ್ಲಿರುವವರು ಬೀಳುವುದು, ಕಳವು ಎರಡನ್ನೂ ಒಳಗೊಂಡ ಉಪಕರಣ ವಿಮೆ ಮಾಡಿಸಿ, ಪಾಲಿಸಿಯಲ್ಲಿ ಪ್ರತಿ ಲೆನ್ಸಿನ ಸೀರಿಯಲ್ ನಂಬರ್ ಬರೆಸಿ.

ಸರ್ವಿಸಿಗೆ ಕೊಡಲು ಪಂಚಾಂಗವೇ ಸಮಯ ಹೇಳುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತಗಳಿಲ್ಲ, ಬಿಡಿಭಾಗ ಬರಲು ಮೂರು ವಾರ ಹಿಡಿದರೂ ಆತಂಕವಿಲ್ಲ. ಹೋಗುವಾಗ ‘ಸರಿಯಿಲ್ಲ’ ಎಂದಷ್ಟೇ ಹೇಳಬೇಡಿ. ಯಾವ ಫೋಕಲ್ ಲೆಂಥ್, ಯಾವ ಅಪರ್ಚರ್, ಯಾವ ಕ್ಯಾಮೆರಾದಲ್ಲಿ ತಕರಾರು ಎಂದು ಚೀಟಿಯಲ್ಲಿ ಬರೆದು, ಕೆಟ್ಟ ಚಿತ್ರಗಳನ್ನು ಮೂಲ ಫೈಲ್ ಸಮೇತ ಕೊಡಿ. ಅಂದಾಜು ವೆಚ್ಚ ಅದೇ ಲೆನ್ಸಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ರಿಪೇರಿ ಬಿಟ್ಟು ಬೇರೆ ಹುಡುಕುವುದು ಲಾಭ. ಅದಕ್ಕಿಂತ ಕಡಿಮೆಯಾದರೆ ಮಾಡಿಸಿ, ಬದಲಿಸಿದ ಭಾಗಗಳ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಲೆನ್ಸ್ ಕೈಗೆ ಬಂದ ಸಂಜೆಯೇ ಗೋಡೆಯ ಚಿತ್ರ ತೆಗೆದು ನೋಡಿ. ರಿಪೇರಿಯ ಮೇಲಿನ ವಾರಂಟಿ ಸಾಮಾನ್ಯವಾಗಿ ಕೆಲವೇ ತಿಂಗಳದು.